ರಾಟ್‌ವೀಲರ್ ಮರಿಯ ಮೊದಲ 14 ವಾರ

ಮಂಡ್ಯ ಸೀಮೆಯವರಿಗೆ ಬಲವಾದ ನಾಯಿಯ ಮೇಲಿನ ಪ್ರೀತಿ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕ್ರಿ.ಶ. 950ರ ಹೊತ್ತಿನ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬ ವೀರನಿಗೆ ಅವನ ಒಡೆಯ ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಆ ನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿ, ಅದರೊಂದಿಗೇ ಪ್ರಾಣ ಬಿಟ್ಟಿತು. ಆ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಇವತ್ತು ಅದೇ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿ, ಕಿಕ್ಕೇರಿ ಕಡೆಯ ತೋಟದ ಮನೆಯವರು ಕಾವಲಿಗೊಂದು ಮರಿ ತರಬೇಕು ಎಂದಾಗ ಬಾಯಿಗೆ ಬರುವುದು ರಾಟ್‌ವೀಲರ್, ಪಿಟ್‌ಬುಲ್ ಎಂಬ ಹೆಸರುಗಳು. ಅವರ ಕಾರಣಗಳನ್ನು ನಾನು ತಳ್ಳಿಹಾಕುವುದಿಲ್ಲ. ಪಂಪ್‌ಸೆಟ್ಟಿನ ಕೇಬಲ್ ಕದಿಯುತ್ತಾರೆ, ರಾತ್ರೋರಾತ್ರಿ ಕುರಿ ಮಾಯವಾಗುತ್ತದೆ, ಕಬ್ಬಿನ ಗದ್ದೆಯಲ್ಲಿ ಚಿರತೆ ಇದೆ. ಹಾಗಿದ್ದರೂ ಮರಿ ತರುವ ಮೊದಲು ಈ ಪ್ರಾಣಿಯ ಮಿದುಳು ಹೇಗೆ ಬೆಳೆಯುತ್ತದೆ ಎಂದು ತಿಳಿದುಕೊಳ್ಳದಿದ್ದರೆ ಅನಾಹುತ ಆಗುವುದು ಮನೆಯ ಮಗುವಿಗೆ, ಇಲ್ಲವೇ ಪಕ್ಕದ ಮನೆಯ ಮಗುವಿಗೆ.

ಮೊದಲು ಕಾನೂನಿನ ಮಾತು. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ, ಕೇನ್ ಕೋರ್ಸೊ, ಟೋಸಾ, ಅಕಿಟಾ, ಕಂಗಲ್, ಬೋರ್‌ಬೋಲ್ ಸೇರಿದಂತೆ 23 ತಳಿಗಳ ಮಾರಾಟಕ್ಕೂ ಸಂತಾನ ಬೆಳೆಸುವುದಕ್ಕೂ ಪರವಾನಗಿ ಕೊಡಬೇಡಿ, ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎಂಬುದು ಅದರ ಸಾರ. ಕರ್ನಾಟಕ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದವರಲ್ಲಿ ರಾಟ್‌ವೀಲರ್ ಸಾಕಿದವರೂ ಇದ್ದರು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಸುತ್ತೋಲೆಯನ್ನು ರದ್ದುಪಡಿಸಿದರು. ಸಂಬಂಧಪಟ್ಟವರ ಅಹವಾಲು ಕೇಳದೆ ಮಾಡಿದ ಆದೇಶ ನಿಲ್ಲುವುದಿಲ್ಲ, ಎಲ್ಲರ ಮಾತು ಕೇಳಿ ಬೇಕಾದರೆ ಕೇಂದ್ರ ಹೊಸದಾಗಿ ನಿಯಮ ಮಾಡಬಹುದು ಎಂದರು. ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದನ್ನು "ಯಾರು ಬೇಕಾದರೂ ಹೇಗೆ ಬೇಕಾದರೂ ಸಾಕಬಹುದು" ಎಂದು ಓದಿಕೊಂಡವರನ್ನು ಕಂಡರೆ ಭಯವಾಗುತ್ತದೆ.

ಹೆಸರು ನೋಡಿ ನಾಯಿಯ ಸ್ವಭಾವ ಹೇಳಬಹುದೇ? 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಅವುಗಳ ಮಾಲೀಕರಿಂದ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಓದಿತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದು ಕಂಡುಬಂತು. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತದ ಪ್ರಕರಣಗಳು ಇಳಿಯದ್ದನ್ನು ನೋಡಿ ಸುಮಾರು 15 ವರ್ಷಗಳ ನಂತರ ನಿಷೇಧ ತೆಗೆದುಹಾಕಿತು.

ಇಷ್ಟು ಕೇಳಿ ಸಮಾಧಾನಪಟ್ಟುಕೊಳ್ಳಬಾರದು. ಸ್ವಭಾವದ ಲೆಕ್ಕ ಬೇರೆ, ಕಚ್ಚಿದರೆ ಆಗುವ ಗಾಯದ ಲೆಕ್ಕ ಬೇರೆ. ರಾಟ್‌ವೀಲರ್ ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರ ನಾಯಿ. ದನ ಹೊಡೆಯುವುದು, ಮಾಂಸದ ಗಾಡಿ ಎಳೆಯುವುದು ಅದರ ಕಸುಬಾಗಿತ್ತು. ಬೆಳೆದ ಗಂಡು 50 ಕಿಲೋ ತೂಗುತ್ತದೆ. ಅದರ ನೆತ್ತಿಯ ಎರಡು ಪಕ್ಕ ಉಬ್ಬಿದಂತೆ ಕಾಣುವುದು ಕೆಳದವಡೆಯನ್ನು ಎತ್ತುವ ಸ್ನಾಯು. ಪಿಟ್‌ಬುಲ್ ಕಚ್ಚಿದರೆ ದವಡೆಗೆ ಬೀಗ ಬೀಳುತ್ತದೆ ಎನ್ನುವುದು ಸುಳ್ಳು, ಅಂಥ ಬೀಗ ಯಾವ ನಾಯಿಯ ದವಡೆಯಲ್ಲೂ ಇಲ್ಲ. ಆದರೆ ಹಿಡಿದದ್ದನ್ನು ಬಿಡದೆ ಜಗ್ಗುವ ಹಟವನ್ನು ಆ ತಳಿಯಲ್ಲಿ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದಾರೆ. ಬೀದಿಯ ನಾಯಿ ಕಚ್ಚಿದರೆ ಸಾಮಾನ್ಯವಾಗಿ ಹಲ್ಲು ಊರಿದ ಗಾಯ. ಈ ನಾಯಿಗಳು ಕಚ್ಚಿದರೆ ಮಾಂಸ ಹರಿಯುತ್ತದೆ, ಮೂಳೆ ಮುರಿಯುತ್ತದೆ. ಆದ್ದರಿಂದ ಇವುಗಳ ವಿಷಯದಲ್ಲಿ ಬೆಳೆಸುವ ಕೆಲಸ ಹೆಚ್ಚು ಕಟ್ಟುನಿಟ್ಟಾಗಿರಬೇಕು, ಅದೂ ಬಹಳ ಬೇಗ ಶುರುವಾಗಬೇಕು.

ಎಷ್ಟು ಬೇಗ ಎಂಬುದನ್ನು ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗವೊಂದು ತೋರಿಸಿಕೊಟ್ಟಿದೆ. 1961ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮರಿಗಳನ್ನು ಮನುಷ್ಯರ ಒಡನಾಟವಿಲ್ಲದೆ ತಾಯಿಯ ಜೊತೆ ಬೆಳೆಸಿದರು. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರರಲ್ಲಿ, ಐದರಲ್ಲಿ, ಏಳರಲ್ಲಿ, ಒಂಬತ್ತರಲ್ಲಿ ಹೊರತಂದು ಒಂದೊಂದು ವಾರ ಮನುಷ್ಯರ ಜೊತೆ ಆಡಿಸಿ ಮತ್ತೆ ಒಳಗೆ ಬಿಟ್ಟರು. ಕೆಲವನ್ನು 14 ವಾರ ತುಂಬುವವರೆಗೆ ಮುಟ್ಟಲೇ ಇಲ್ಲ. ಕೊನೆಯ ಗುಂಪಿನ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯರಿಂದ ತಪ್ಪಿಸಿಕೊಂಡು ಓಡಿದವು. ಆಮೇಲೆ ಎಷ್ಟು ಮುದ್ದು ಮಾಡಿದರೂ ಬೇರೆ ಮರಿಗಳ ಹಾಗೆ ಹೊಂದಿಕೊಳ್ಳಲಿಲ್ಲ.

ಮರಿ ಕಣ್ಣು ಬಿಡುವುದು ಎರಡು ವಾರಕ್ಕೆ, ಕಿವಿ ತೆರೆಯುವುದು ಹೆಚ್ಚುಕಡಿಮೆ ಮೂರನೇ ವಾರಕ್ಕೆ. ಅಲ್ಲಿಂದ ಸುಮಾರು 12–14 ವಾರದವರೆಗೆ ಅದರ ಮಿದುಳು "ಲೋಕದಲ್ಲಿ ಯಾವುದು ಸಹಜ" ಎಂಬುದನ್ನು ದಾಖಲಿಸಿಕೊಳ್ಳುತ್ತಿರುತ್ತದೆ. ಆಗ ಕಂಡ ಜನ, ಕೇಳಿದ ಸದ್ದು, ಮೂಸಿದ ವಾಸನೆ ಅದಕ್ಕೆ ತನ್ನವು. ಎಂಟನೇ ವಾರದ ಹೊತ್ತಿಗೆ ಹೊಸದನ್ನು ಕಂಡರೆ ಅಂಜುವ ಗುಣ ಬಲಿಯತೊಡಗುತ್ತದೆ. ಈ ಅವಧಿಯಲ್ಲಿ ಕಾಣದೇ ಹೋದದ್ದು ಮುಂದೆ ಎದುರಾದಾಗ ನಾಯಿಗೆ ಮೊದಲು ಹುಟ್ಟುವುದು ಭಯ. ನಾಯಿ ಕಚ್ಚುವುದರ ಹಿಂದೆ ಬಹಳ ಸಲ ಇರುವುದು ಈ ಭಯವೇ, ಶೌರ್ಯವಲ್ಲ.

ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಮಾರುವವರು 30 ದಿನಕ್ಕೇ ಮರಿ ಕೊಟ್ಟುಬಿಡುತ್ತಾರೆ. ಚಿಕ್ಕದಿದ್ದಷ್ಟೂ ಮನೆಗೆ ಹೊಂದಿಕೊಳ್ಳುತ್ತದೆ ಎಂದು ನಾವೂ ನಂಬುತ್ತೇವೆ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆ ನಿಯಮಕ್ಕೆ ಗಟ್ಟಿ ಆಧಾರವಿದೆ. ಐದರಿಂದ ಎಂಟನೇ ವಾರದಲ್ಲಿ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಒಡಹುಟ್ಟಿದ್ದು ಕುಂಯ್ ಎಂದು ಚೀರಿ ಆಟ ನಿಲ್ಲಿಸುತ್ತದೆ, ತಾಯಿ ಗದರುತ್ತದೆ. ಹಲ್ಲನ್ನು ಎಷ್ಟು ಊರಬೇಕು ಎಂಬ ಅಳತೆಯನ್ನು ಮರಿ ಕಲಿಯುವುದು ಅಲ್ಲಿ. 50 ಕಿಲೋ ಆಗುವ ಪ್ರಾಣಿಯ ಈ ಪಾಠವನ್ನು ಅರ್ಧಕ್ಕೆ ಬಿಡಿಸಿ ತರಬಾರದು. ಕೊಳ್ಳುವ ಮೊದಲು ತಾಯಿ ನಾಯಿಯನ್ನು ಕಣ್ಣಾರೆ ನೋಡಬೇಕು. ಅಪರಿಚಿತರನ್ನು ಕಂಡು ಅದು ನಡುಗಿದರೆ, ಮೈಮೇಲೆ ಬಂದರೆ, ಆ ಮರಿ ಬೇಡ. ತಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ. ಕಿವಿ, ಬಾಲ ಕತ್ತರಿಸಿಕೊಡುತ್ತೇನೆ ಎನ್ನುವವರು ಪ್ರಾಣಿಹಿಂಸೆ ಮಾಡುತ್ತಿದ್ದಾರೆ ಎಂದೇ ತಿಳಿಯಿರಿ.

ಎಂಟು ವಾರದ ಮರಿ ಮನೆಗೆ ಬಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಐದಾರು ವಾರ. ಜೊತೆಗೆ ಪಾರ್ವೊ ಕಾಯಿಲೆಯ ಅಂಜಿಕೆ ಇರುತ್ತದೆ. ಅದು ಬೇರೆ ತಳಿಗಳಿಗಿಂತ ರಾಟ್‌ವೀಲರ್ ಮರಿಗಳನ್ನು ಹೆಚ್ಚು ಕಾಡುತ್ತದೆ, ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆಯ ಸರಣಿ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ ಮುಗಿಯುವುದು 16 ವಾರಕ್ಕೆ. ಅಲ್ಲಿಯವರೆಗೆ ಕೋಣೆಯಲ್ಲಿ ಕೂಡಿಹಾಕಿದರೆ ಕಲಿಯುವ ಕಾಲವೇ ಕಳೆದುಹೋಗುತ್ತದೆ. ಪಶುವೈದ್ಯರು ಹೇಳುವ ದಾರಿ ಇದು: ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ ಮರಿಯನ್ನು ಎತ್ತಿಕೊಂಡು ಓಡಾಡಿ, ಬೀದಿನಾಯಿಗಳು ತಿರುಗುವ ಕಡೆ ಮಾತ್ರ ನೆಲಕ್ಕೆ ಬಿಡಬೇಡಿ.

ಹಳ್ಳಿಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಜಗಲಿಯ ಮೇಲೆ ಮರಿಯನ್ನು ತೊಡೆಯಲ್ಲಿ ಕೂರಿಸಿಕೊಂಡರೆ ಹಾಲಿನ ಡೇರಿಗೆ ಹೋಗುವವರು, ಶಾಲೆಗೆ ಓಡುವ ಮಕ್ಕಳು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು, ಕೋಲೂರಿ ನಡೆಯುವ ಅಜ್ಜ ಎಲ್ಲರೂ ಕಾಣುತ್ತಾರೆ. ಟ್ರ್ಯಾಕ್ಟರಿನ ಗಡಗಡ ಸದ್ದು, ಆಲೆಮನೆಯ ಹೊಗೆ, ಹೆಲ್ಮೆಟ್ ಹಾಕಿದ ಬೈಕಿನವರು, ಕಬ್ಬು ಕಡಿಯಲು ಬಂದ ಹೊರಗಿನ ಆಳುಗಳು, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಸ್ಥಾನದ ಹೊಯ್ಸಳ ಶಿಲ್ಪ ನೋಡಲು ಬರುವ ಪರಊರಿನವರು, ಇವೆಲ್ಲ ಅದಕ್ಕೆ ಪರಿಚಯವಾಗಲಿ. ಮೊದಲು ದೂರದಿಂದ ತೋರಿಸಿ, ಹೆದರಿದರೆ ಇನ್ನೂ ಹಿಂದೆ ಸರಿಯಿರಿ, ನೋಡಿದಾಗಲೆಲ್ಲ ತಿನ್ನಲು ಚೂರು ಕೊಡಿ. ಹೀಗೆ ಮಾಡಿದರೆ ಕಾವಲಿನ ಗುಣ ಹೋಗುತ್ತದೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹೋಗುವುದಿಲ್ಲ. ಎಲ್ಲರನ್ನೂ ಕಂಡು ಬೆದರುವ ನಾಯಿಗೆ ಕಳ್ಳನೂ ಒಂದೇ, ಕರೆಂಟಿನ ಮೀಟರ್ ಓದಲು ಬಂದವನೂ ಒಂದೇ. ಜನರನ್ನು ಬಲ್ಲ ನಾಯಿಗೆ ವ್ಯತ್ಯಾಸ ತಿಳಿಯುತ್ತದೆ.

ಊಟದ ಬಗ್ಗೆ ಒಂದು ಮಾತು. ಮುದ್ದೆ ಹಾಕಬಾರದಂತೆ ಹೌದೇ ಎಂದು ಕೇಳುವವರಿದ್ದಾರೆ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯ ಪ್ರಕಾರ, ಪಿಷ್ಟವನ್ನು ಅರಗಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡಿದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇರುತ್ತವೆ. ಮನುಷ್ಯನ ಬೇಸಾಯದ ಜೊತೆಗೇ ಬೆಳೆದ ಹೊಟ್ಟೆ ಅದು, ರಾಗಿ ಅರಗುತ್ತದೆ. ಆದರೆ ಬೆಳೆಯುವ ಮರಿಗೆ ಮುದ್ದೆಯೊಂದೇ ಸಾಲದು, ಮೊಟ್ಟೆ ಮಾಂಸ ಬೇಕು. ಈರುಳ್ಳಿ ಹಾಕಿದ ಸಾರು ಬೇಡ, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೂಳೆ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವುದಂತೂ ದೊಡ್ಡ ತಳಿಯ ಮರಿಗೆ ಹಾನಿ. ಎಳೆಯ ಮರಿಯ ಕರುಳು ಬಂದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಹೆಚ್ಚಾದದ್ದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ವೈದ್ಯರು ಬರೆದುಕೊಡದೆ ಕೊಡಬೇಡಿ.

ಕಲಿಸುವ ಪಾಠಗಳಲ್ಲಿ ಈ ತಳಿಗಳಿಗೆ ನಾನು ಎಲ್ಲಕ್ಕಿಂತ ಮೇಲಿಡುವುದು "ಬಿಡು" ಎಂಬ ಒಂದು ಮಾತನ್ನು. ಮರಿಯ ಬಾಯಲ್ಲಿ ಹಗ್ಗದ ತುಂಡಿದೆ ಎನ್ನಿ. ಕಿತ್ತುಕೊಳ್ಳಬೇಡಿ, ಎಳೆದಷ್ಟೂ ದವಡೆ ಬಿಗಿಯುತ್ತದೆ. ಬೇಯಿಸಿದ ಮೊಟ್ಟೆಯ ಚೂರನ್ನು ಮೂಗಿನ ಹತ್ತಿರ ಹಿಡಿಯಿರಿ. ಹೊಳ್ಳೆ ಅದುರುತ್ತದೆ, ಕಣ್ಣು ಹಗ್ಗದಿಂದ ನಿಮ್ಮ ಕೈಗೆ ತಿರುಗುತ್ತದೆ, ಬಾಯಿ ಸಡಿಲವಾಗಿ ಹಗ್ಗ ಬೀಳುತ್ತದೆ. ಬೀಳುವ ಕ್ಷಣಕ್ಕೆ ಸರಿಯಾಗಿ "ಬಿಡು" ಎಂದು ಚೂರನ್ನು ಕೊಡಿ. ಆಮೇಲೆ ಹಗ್ಗವನ್ನೂ ವಾಪಸ್ ಕೊಡಿ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಎಂದು ಮರಿಗೆ ಖಾತ್ರಿಯಾಗಬೇಕು. ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಅಂತರವಾದರೆ ನಾಯಿಯ ಮಿದುಳು ಎರಡನ್ನೂ ಜೋಡಿಸಿಕೊಳ್ಳುವುದಿಲ್ಲ. ಸಂಜೆ ಬಂದು ಬೆಳಿಗ್ಗೆಯ ತಪ್ಪಿಗೆ ಹೊಡೆದರೆ ಅದು ಕಲಿಯುವುದು ನಿಮಗೆ ಹೆದರುವುದನ್ನು ಮಾತ್ರ. 2020ರಲ್ಲಿ ಪ್ರಕಟವಾದ ಪೋರ್ಚುಗಲ್ಲಿನ ಅಧ್ಯಯನವೊಂದು ಗದರಿ, ಕುತ್ತಿಗೆ ಜಗ್ಗಿ ಕಲಿಸಿದ ನಾಯಿಗಳಲ್ಲಿ ಒತ್ತಡದ ಹಾರ್ಮೋನು ಹೆಚ್ಚಿದ್ದನ್ನು ಅಳೆದು ತೋರಿಸಿತು. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಪ್ಪ "ಬಿಡು", ಮಗ "ಡ್ರಾಪ್", ಅಜ್ಜಿ "ಥೂ ಹಾಕು" ಎಂದರೆ ಮರಿಗೆ ಅದು ಬರೀ ಗದ್ದಲ.

ಗುರ್ ಎಂದರೆ ಹೊಡೆಯಬೇಡಿ. ಗುರ್ರೆನ್ನುವುದು ಎಚ್ಚರಿಕೆ. ಅದಕ್ಕೂ ಮುಂಚೆ ನಾಯಿ ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ, ಮೈ ಕಲ್ಲಾಗಿ ನಿಲ್ಲುತ್ತದೆ. ಹೊಡೆದು ಗುರ್ರೆನ್ನುವುದನ್ನು ಬಿಡಿಸಿದರೆ ಭಯ ಒಳಗೇ ಉಳಿದು, ಸೂಚನೆಯಿಲ್ಲದೆ ಕಚ್ಚುವ ನಾಯಿ ತಯಾರಾಗುತ್ತದೆ. ಮಕ್ಕಳಿಗೆ ಈ ಗುರುತುಗಳನ್ನು ಹೇಳಿಕೊಡಿ. ಚಿಕ್ಕ ಮಗುವನ್ನೂ ಇಂಥ ನಾಯಿಯನ್ನೂ ದೊಡ್ಡವರಿಲ್ಲದ ಕಡೆ ಒಟ್ಟಿಗೆ ಬಿಡಲೇಬೇಡಿ, ನಾಯಿ ಎಷ್ಟು ಸಾಧುವಾಗಿದ್ದರೂ.

ಎಂಟು ತಿಂಗಳ ಹೊತ್ತಿಗೆ ಹರೆಯ ಬರುತ್ತದೆ. ಐದು ತಿಂಗಳಲ್ಲಿ ಕರೆದರೆ ಓಡಿ ಬರುತ್ತಿದ್ದ ನಾಯಿ ಈಗ ಕೇಳಿಸದಂತೆ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಅಂಧರ ಮಾರ್ಗದರ್ಶಿ ನಾಯಿಗಳ ಮೇಲೆ ನಡೆದ 2020ರ ಅಧ್ಯಯನದಲ್ಲಿ, ಈ ವಯಸ್ಸಿನ ನಾಯಿಗಳು ಬೇರೆಯವರ ಮಾತು ಕೇಳುತ್ತಿದ್ದರೂ ತಮ್ಮ ಪಾಲಕರ ಮಾತನ್ನೇ ಮೀರಿದ್ದವು. ಇದು ತಾತ್ಕಾಲಿಕ. ಆದರೆ ಬಹಳ ಮನೆಗಳಲ್ಲಿ ಸರಪಳಿ ಬರುವುದು ಇದೇ ಹೊತ್ತಿಗೆ, ಬಂದದ್ದು ಮತ್ತೆ ಹೋಗುವುದಿಲ್ಲ. ಅಮೆರಿಕದ ಡೆನ್ವರ್ ನಗರದಲ್ಲಿ 1990ರ ದಶಕದಲ್ಲಿ ಕಚ್ಚಿದ ನಾಯಿಗಳನ್ನೂ ಕಚ್ಚದವುಗಳನ್ನೂ ಹೋಲಿಸಿದಾಗ, ಕಚ್ಚಿದವುಗಳಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದವೂ ಸಂತಾನಹರಣವಾಗದ ಗಂಡುಗಳೂ ಎದ್ದುಕಾಣುವಷ್ಟು ಹೆಚ್ಚಿದ್ದವು. ಕಟ್ಟಿದ ನಾಯಿಗೆ ಹೆದರಿಕೆಯಾದಾಗ ಓಡಲು ದಾರಿಯಿಲ್ಲ. ಉಳಿಯುವುದು ಕಚ್ಚುವುದೊಂದೇ. ಸರಪಳಿಯ ಬದಲು ಜಾಲರಿ ಹಾಕಿದ ವಿಶಾಲ ಅಂಗಳ, ಬೆಳಿಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ಬಿಸಿಲಿಳಿದ ಮೇಲೆ ನಡಿಗೆ, ಜನರ ನಡುವೆ ಹೋಗುವಾಗ ಬಾಯಿಗೆ ಕುಕ್ಕೆ ಇರಲಿ. ಕುಕ್ಕೆಯನ್ನೂ ಮರಿಯಿದ್ದಾಗಲೇ, ಒಳಗೆ ತಿಂಡಿ ಇಟ್ಟು ಅಭ್ಯಾಸ ಮಾಡಿಸಬೇಕು.

ಚಿರತೆಯ ಸಲುವಾಗಿ ಇಂಥ ನಾಯಿಯನ್ನು ತರುವವರು ಒಂದು ಸಂಗತಿ ತಿಳಿದಿರಬೇಕು. ಮಹಾರಾಷ್ಟ್ರದ ಅಕೋಲೆ ಕಣಿವೆಯೂ ನಮ್ಮ ಹಾಗೆ ಕಬ್ಬಿನ ಸೀಮೆ. ಅಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ಅದು ತಿಂದ ಬೇಟೆಯ ತೂಕದಲ್ಲಿ ಶೇ 39ರಷ್ಟು ಸಾಕುನಾಯಿಯೇ ಇತ್ತು. ರಾತ್ರಿ ಹೊರಗೆ ಕಟ್ಟಿಹಾಕಿದ ನಾಯಿ, ಅದು ಯಾವ ತಳಿಯದಾದರೂ, ಚಿರತೆಗೆ ಇಟ್ಟ ಎಡೆ. ಕತ್ತಲಾದ ಮೇಲೆ ನಾಯಿಗೆ ಚಾವಣಿಯಿರುವ ಗಟ್ಟಿ ಗೂಡು ಬೇಕು.

ಮೂರು ತಿಂಗಳು ತುಂಬಿದ ಕೂಡಲೇ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಗಡುವಿಗೆ ತಪ್ಪದೆ ಹಾಕಿಸುತ್ತಿರಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಬೇಡ.

ಈಗ ತರಬೇಕೋ ಬೇಡವೋ ಎಂದು ಕೇಳುವವರಿಗೆ ನನ್ನ ಉತ್ತರ ಇದು. ದಿನಕ್ಕೆ ಒಂದು ಗಂಟೆಯನ್ನು ಎರಡು ವರ್ಷ ತಪ್ಪದೆ ಕೊಡುವ ಒಬ್ಬರು ಮನೆಯಲ್ಲಿಲ್ಲದಿದ್ದರೆ ರಾಟ್‌ವೀಲರ್, ಪಿಟ್‌ಬುಲ್ ತರಬೇಡಿ. ಬೊಗಳಿ ಎಬ್ಬಿಸುವ ಕಾವಲಿಗೆ ನಮ್ಮ ಊರ ನಾಯಿಯ ಮರಿಯೇ ಸಾಕು. ಬಿಸಿಲನ್ನೂ ನಮ್ಮ ಊಟವನ್ನೂ ಅದು ಸಲೀಸಾಗಿ ತಡೆದುಕೊಳ್ಳುತ್ತದೆ. ಅದಕ್ಕೂ ಇದೇ 14 ವಾರದ ಪಾಠ ಬೇಕು. ತಂದೇ ತರುತ್ತೇವೆ ಎನ್ನುವವರು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮನ್ನು ಓದಿಕೊಂಡಿರಲಿ: ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.