ಶೋಲಾಕಿಳಿ ಫೋಟೊ ಬೇಕಾ? ಸ್ಪೀಕರ್ ಮನೇಲಿಟ್ಟು ಬನ್ನಿ

ಚಿಕ್ಕಮಗಳೂರು: ಶನಿವಾರ ಬೆಳಗ್ಗೆ ಗಿರಿ ಕಡೆ ಹೊರಡೋ ಗಾಡಿಗಳಲ್ಲಿ ಈಗ ಎರಡು ಥರದ ಜನ ಇರ್ತಾರೆ. ಮಂಜಿನಲ್ಲಿ ಸೆಲ್ಫಿ ತೆಗೆದು, ಮಂಡಕ್ಕಿ ತಿಂದು ವಾಪಸ್ ಹೋಗೋರು ಒಂದು ಥರ. ಮೊಳದುದ್ದದ ಲೆನ್ಸ್ ಹಿಡ್ಕೊಂಡು ಟೀ ಅಂಗಡಿ ಮುಂದೆ ನಿಂತು "ಅಣ್ಣಾ, ಇಲ್ಲಿ ನೀಲಿ ಬಣ್ಣದ ಸಣ್ಣ ಹಕ್ಕಿ ಎಲ್ಲಿ ಸಿಗುತ್ತೆ?" ಅಂತ ಕೇಳೋರು ಇನ್ನೊಂದು ಥರ. ಅಂಗಡಿಯವರು, ಜೀಪಿನವರು, ಹೋಂಸ್ಟೇ ಹುಡುಗರು ತಮಗೆ ತೋಚಿದ ಕಡೆ ಕೈ ತೋರಿಸ್ತಾರೆ. ಆ ಹಕ್ಕಿ ಯಾವುದು, ಅದರ ಫೋಟೊ ಯಾಕೆ ಅಷ್ಟು ಕಷ್ಟ, ಕೆಲವರು ಜೇಬಿಂದ ತೆಗೆಯೋ ಪುಟ್ಟ ಬ್ಲೂಟೂತ್ ಸ್ಪೀಕರ್ ಏನು ಮಾಡುತ್ತೆ ಅನ್ನೋದನ್ನ ಕೈ ತೋರಿಸೋ ಮುಂಚೆ ನಾವು ತಿಳ್ಕೊಂಡಿರೋದು ಒಳ್ಳೇದು.

ಅವರು ಕೇಳೋದು ಹೆಚ್ಚಾಗಿ ನೀಲಗಿರಿ ಶೋಲಾಕಿಳಿ. ಮಲಯಾಳದಲ್ಲಿ ಕಿಳಿ ಅಂದರೆ ಹಕ್ಕಿ. ನಾವು ಗಿಳಿ ಅಂದ್ಕೊಂಡು ಮರದ ತುದಿ ನೋಡ್ತಾ ನಿಂತರೆ ಕೆಲಸ ಕೆಟ್ಟಿತು, ಯಾಕಂದ್ರೆ ಇದು ಇರೋದೇ ನೆಲದ ಹತ್ತಿರ. ಗುಬ್ಬಚ್ಚಿಯಷ್ಟೇ ಗಾತ್ರ, ಸುಮಾರು 15 ಸೆಂಟಿಮೀಟರ್. ಬೆನ್ನು, ಎದೆ ಕಡುನೀಲಿ, ಪಕ್ಕೆ ಕಂದುಗೆಂಪು, ಹೊಟ್ಟೆ ನಡುವೆ ಬಿಳಿ, ಕಾಲು ಉದ್ದ. ಒಣಗಿದ ಎಲೆ ನಡುವೆ ಕುಪ್ಪಳಿಸ್ತಾ ಹುಳ ಹುಪ್ಪಟೆ ಹೆಕ್ಕಿ ತಿನ್ನುತ್ತೆ. ಗಂಡು ಹೆಣ್ಣು ನೋಡೋಕೆ ಒಂದೇ ಥರ.

ಇದು ಇಡೀ ಜಗತ್ತಲ್ಲಿ ಪಶ್ಚಿಮಘಟ್ಟದಲ್ಲಿ ಮಾತ್ರ ಇದೆ. ಅದರಲ್ಲೂ ಪಾಲಕ್ಕಾಡ್ ಕಣಿವೆಯಿಂದ ಉತ್ತರಕ್ಕೆ: ನೀಲಗಿರಿ, ಬ್ರಹ್ಮಗಿರಿ, ನಮ್ಮ ಬಾಬಾಬುಡನ್‌ಗಿರಿ ಹೀಗೆ ಕೆಲವೇ ಬೆಟ್ಟಗಳ ನೆತ್ತಿ. ಕಣಿವೆ ದಾಟಿ ದಕ್ಷಿಣಕ್ಕೆ ಹೋದರೆ ಅಲ್ಲಿರೋದು ಇದರ ದಾಯಾದಿ, ಬಿಳಿಹೊಟ್ಟೆಯ ಶೋಲಾಕಿಳಿ. ವಿ.ವಿ. ರಾಬಿನ್ ಮತ್ತು ಜೊತೆಗಾರ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿ 2017ರಲ್ಲಿ ಈ ಹಕ್ಕಿಗಳಿಗೆ ಶೋಲಿಕೋಲ ಅಂತ ಬೇರೆ ಕುಲದ ಹೆಸರನ್ನೇ ಕೊಟ್ಟರು. ಐಯುಸಿಎನ್ ಪಟ್ಟಿಯಲ್ಲಿ ನೀಲಗಿರಿ ಶೋಲಾಕಿಳಿ ಅಳಿವಿನಂಚಿನ ಹಕ್ಕಿ.

ಗಿರಿ ಹತ್ತುವಾಗ ನೋಡಿ: ಗುಡ್ಡ ಎಲ್ಲ ಬೋಳು ಹುಲ್ಲು, ಎರಡು ಗುಡ್ಡ ಸೇರೋ ಮಡಿಲಲ್ಲಿ ಮಾತ್ರ ಕಪ್ಪಗೆ ಒತ್ತಾದ ಕಾಡು. ಅದೇ ಶೋಲಾ. ಮರ ಗಿಡ್ಡ, ಕೊಂಬೆಗೆಲ್ಲ ಹಾವಸೆ, ಸೀತಾಳೆ ಗಿಡ. ಮಂಜು ಎಲೆಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತೆ. ಕಡೂರಿನವರು ಕೇಳಿ, ನಿಮ್ಮ ವೇದಾವತಿ ಹುಟ್ಟೋದೂ ಈ ಬೆಟ್ಟದಲ್ಲೇ. ಶೋಲಾಕಿಳಿಗೆ ಬೇಕಾಗಿರೋದು ಈ ಒದ್ದೆ ಕತ್ತಲೆ. ಕೆಳಗಿನ ಕಾಫಿ ತೋಟ ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಿ ಸಂಸಾರ ಹೂಡೋ ಹಕ್ಕಿ ಅಲ್ಲ ಅದು. ಸುತ್ತ ನೀರು ನಡುವೆ ದ್ವೀಪ ಇದ್ದ ಹಾಗೆ ಅದರ ಬದುಕು.

ಮಂಜಲ್ಲಿ ಕ್ಯಾಮೆರಾ

ಬೆಳಗ್ಗೆ ಏಳು ಗಂಟೆಗೆ ಶೋಲಾ ಒಳಗೆ ಬೆಳಕು ಅಂದರೆ ಕರೆಂಟ್ ಹೋದ ದಿನಸಿ ಅಂಗಡಿಯ ಹಿಂದಿನ ಗೋಡೌನ್ ಥರ. ಐಎಸ್‌ಒ 3200ಕ್ಕೆ ಏರಿಸಿದರೂ ಶಟರ್ 1/100 ಸೆಕೆಂಡ್ ಸಿಕ್ಕರೆ ಪುಣ್ಯ. ಹಕ್ಕಿ ಒಂದು ಕಡೆ ನಿಲ್ಲಲ್ಲ. ಹಾಗಾಗಿ ಕೈಯಲ್ಲಿ ಹಿಡಿದು ತೆಗೆಯೋ ಬದಲು ಒಂಟಿಕಾಲಿನ ಸ್ಟ್ಯಾಂಡ್ ಅಥವಾ ಮೋರಿ ಕಟ್ಟೆ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ತೆಗೀಬೇಕು. ಅದು ಕುಪ್ಪಳಿಸಿ ಒಂದು ಕ್ಷಣ ನಿಲ್ಲುತ್ತಲ್ಲ, ಆಗ ನಾಲ್ಕೈದು ಫ್ರೇಮ್.

ಮಂಜಿದ್ದರೆ ಆಟೋಫೋಕಸ್‌ಗೆ ತಲೆ ಕೆಡುತ್ತೆ. ಕಪ್ಪು ಬಿಳುಪಿನ ವ್ಯತ್ಯಾಸ ನೋಡಿ ಫೋಕಸ್ ಮಾಡೋ ಯಂತ್ರ ಅದು, ಮಂಜಲ್ಲಿ ಎಲ್ಲ ಬೂದಿ. ಹಕ್ಕಿ ಬಿಟ್ಟು ಮುಂದಿನ ಜರಿ ಗಿಡ ಹಿಡಿದುಬಿಡುತ್ತೆ. ಒಂದೇ ಪಾಯಿಂಟ್ ಇಟ್ಟು ಕಣ್ಣಿಗೆ ಹಿಡೀರಿ. ಹಿಂದೆ ಬಿಳಿ ಮಂಜಿದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಅಂದ್ಕೊಂಡು ಫೋಟೊ ಕಪ್ಪು ಮಾಡುತ್ತೆ, ನೀಲಿ ಹಕ್ಕಿ ಕಾಗೆ ಆಗುತ್ತೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚಿಡಿ.

ಕಾರಲ್ಲಿ ಎಸಿ ಹಾಕ್ಕೊಂಡು ಬಂದು ತಕ್ಷಣ ಕ್ಯಾಮೆರಾ ಹೊರಗೆ ತೆಗೆದರೆ ತಣ್ಣಗಾದ ಗಾಜಿನ ಮೇಲೆ ಹಬೆ ಕೂರುತ್ತೆ. ಬೆಟ್ಟದಿಂದ ಇಳಿದು ಬೆಚ್ಚಗಿನ ಅಡುಗೆಮನೆಗೆ ತಂದಾಗಲೂ ಅಷ್ಟೇ. ಅರ್ಧ ಗಂಟೆ ಬ್ಯಾಗಿನೊಳಗೇ ಬಿಡಿ. ಚಪ್ಪಲಿ ಅಂಗಡಿಯವರು ಶೂ ಡಬ್ಬಿಯ ಸಿಲಿಕಾ ಜೆಲ್ ಪೊಟ್ಟಣ ಬಿಸಾಡ್ತಾರಲ್ಲ, ಕೇಳಿ ತಗೊಂಡು ಬ್ಯಾಗಿಗೆ ಹಾಕಿ. ಇಂಬಳಕ್ಕೆ ಏನು ಮಾಡಬೇಕು ಅಂತ ನಮ್ಮೂರವರಿಗೆ ನಾನು ಹೇಳಬೇಕಾಗಿಲ್ಲ.

ಉಳಿದಿದ್ದು ಕೂರೋದು. ಈ ಹಕ್ಕಿಗೆ ತನ್ನದೇ ಸರಹದ್ದು ಇರುತ್ತೆ, ಇವತ್ತು ಕಂಡ ಹಳ್ಳದ ಹತ್ತಿರವೇ ನಾಳೆಯೂ ಸಿಗುತ್ತೆ. ಮೊದಲು ಕಿವಿಗೆ ಬೀಳುತ್ತೆ: ಬೆಳಗಾಗುವಾಗ, ಸಂಜೆ ಕತ್ತಲಾಗುವಾಗ ಸಿಳ್ಳೆ ಹಾಕಿದ ಹಾಗೆ ಹಾಡುತ್ತೆ. ಗಾಡಿ ಓಡಾಟ ಶುರುವಾಗೋ ಮುಂಚೆ ಶೋಲಾ ಪಕ್ಕದ ರಸ್ತೆ ಅಂಚಿಗೂ ಬರುತ್ತೆ. ಇಲಾಖೆ ಅನುಮತಿ ಇಲ್ಲದೆ ಕಾಡೊಳಗೆ ನುಗ್ಗೋ ಅಗತ್ಯವೇ ಇಲ್ಲ. ಮಣ್ಣ ಬಣ್ಣದ ಬಟ್ಟೆ ಹಾಕಿ, ತಗ್ಗಾಗಿ ಕೂತು, ಮೊಬೈಲ್ ಸೈಲೆಂಟ್ ಮಾಡಿ ಒಂದು ಗಂಟೆ ಕಾಯಿರಿ.

ಸ್ಪೀಕರ್ ಏನು ಮಾಡುತ್ತೆ

ಆ ಒಂದು ಗಂಟೆ ಉಳಿಸೋಕೇ ಸ್ಪೀಕರ್. ಇದೇ ಜಾತಿ ಹಕ್ಕಿಯ ಹಾಡು ಡೌನ್‌ಲೋಡ್ ಮಾಡಿ ಪೊದೆ ಪಕ್ಕ ಹಾಕ್ತಾರೆ. ಸರಹದ್ದಿನ ಗಂಡು ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದ ಅಂತ ಜಗಳಕ್ಕೆ ಎದುರಿಗೇ ಬರುತ್ತೆ.

ನಾನೂ ಒಂದು ಸಲ ಮಾಡಿದ್ದೀನಿ, ಮುಚ್ಚಿಡಲ್ಲ. ಎರಡೇ ನಿಮಿಷಕ್ಕೆ ಬಂತು, ಫೋಟೊನೂ ಸಿಕ್ತು. ನಾನು ಬಂದ್ ಮಾಡಿದ ಮೇಲೂ ಅದು ಸುಮ್ಮನಾಗಲಿಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿ ಇಲ್ಲದ ವೈರಿನ ಹುಡುಕ್ತಾನೇ ಇತ್ತು, ಒಂದು ಹುಳನೂ ಹೆಕ್ಕಲಿಲ್ಲ. ಅಷ್ಟರಲ್ಲಿ ಹಿಂದಿನ ಜೀಪಿನವರು ಇಳಿದು ಅದೇ ಜಾಗದಲ್ಲಿ ತಮ್ಮ ಸ್ಪೀಕರ್ ಆನ್ ಮಾಡಿದರು. ನಮ್ಮ ಲೆಕ್ಕಕ್ಕೆ ಎರಡೆರಡು ನಿಮಿಷ, ಹಕ್ಕಿಗೆ ಇಡೀ ಬೆಳಗ್ಗೆ.

ಮಳೆಗಾಲಕ್ಕೆ ಮುಂಚಿನ ತಿಂಗಳುಗಳು ಅದರ ಮರಿ ಮಾಡೋ ಕಾಲ, ನಮ್ಮಲ್ಲಿ ರಜೆ ಟೂರಿಸ್ಟ್ ಸೀಸನ್ನೂ ಅದೇ. ಗೂಡು ಮರದ ಪೊಟರೆಯಲ್ಲೋ ದರೆಯ ಬಿಲದಲ್ಲೋ ಇರುತ್ತೆ. ಮೊಟ್ಟೆ ಎರಡು. ತಾಯಿ ತಂದೆ ಗಲಾಟೆಯಲ್ಲಿ ಗೂಡು ಬಿಟ್ಟರೆ ಆ ಚಳಿಯಲ್ಲಿ ಮೊಟ್ಟೆ ತಣ್ಣಗಾಗುತ್ತೆ. ಗೂಡು ಕಾಣಲಿ ಅಂತ ಅಡ್ಡ ಇದ್ದ ಕೊಂಬೆ ಮುರಿದರೆ ಕಾಗೆಗೂ ಕಾಣುತ್ತೆ. ಕಾನೂನಿನ ಮಾತಿಗೆ ಬಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೋವಿ ಹಿಡಿಯೋದು ಮಾತ್ರ ಅಲ್ಲ. ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡೋದೂ ಬೇಟೆ ಅನ್ನೋ ವ್ಯಾಖ್ಯೆಯೊಳಗೇ ಬರುತ್ತೆ. ತೋರಿಸಿಕೊಟ್ಟು ಇನ್ನೂರು ರೂಪಾಯಿ ಇಸ್ಕೊಂಡ ಹುಡುಗನೂ ಸಿಕ್ಕಿಹಾಕಿಕೊಳ್ಳಬಹುದು.

ಹೋಂಸ್ಟೇಯವರಿಗೆ ಒಂದು ಮಾತು. ಗೆಸ್ಟ್ ಕೇಳಿದರೆ ಜಾಗ ತೋರಿಸಿ, ಗೂಡು ತೋರಿಸಬೇಡಿ. ಸ್ಪೀಕರ್ ತೆಗೆದರೆ ಬೇಡ ಸರ್ ಅನ್ನಿ. ಬೇಜಾರಾಗ್ತಾರೆ ಅಂತ ಭಯ ಬೇಡ, ಕಾದು ಕೂರೋ ಗೆಸ್ಟ್ ಎರಡು ರಾತ್ರಿ ಉಳ್ಕೊಳ್ತಾರೆ.

ಸ್ಪೀಕರ್ ಬಿಟ್ಟ ಮೇಲೆ ಗಿರಿಗೆ ಆರು ಸಲ ಹೋಗಿದ್ದೀನಿ. ನಾಲ್ಕು ಸಲ ಬರೀ ದನಿ. ಒಂದು ಸಲ ಬಾಲ. ಆರನೇ ಸಲ ಮೋರಿ ಕಟ್ಟೆ ಹತ್ತಿರ ಎಲೆ ಮಗುಚ್ತಾ ಬಂದು, ಒಂದು ಎರೆಹುಳ ಎಳೆದು ತಿಂದು, ನನ್ನ ಕಡೆ ಒಂದು ಸಲ ನೋಡಿ ಹೋಯ್ತು. ಫೋಟೊ ಸ್ವಲ್ಪ ಅಲುಗಾಡಿದೆ, ಮೇಲೆ ಹಾಕಿರೋದು ಅದೇ.