ನೂರರಲ್ಲಿ ಸೊನ್ನೆ ಎಂದರೆ ಅಪಾಯವೂ ಸೊನ್ನೆಯೇ?

ಪ್ರಶ್ನೆ: ಹೊಸ ಔಷಧ ಪಡೆದ 100 ಜನರಲ್ಲಿ ಒಬ್ಬರಿಗೂ ಅಡ್ಡಪರಿಣಾಮ ಆಗದಿದ್ದರೆ ಅಪಾಯವೇ ಇಲ್ಲ ಅನ್ನಬಹುದೇ?

ಉತ್ತರ: ಅನ್ನಲಾಗದು. ಪಠ್ಯಪುಸ್ತಕದ ಸರಳ ವಾಲ್ಡ್ ಸೂತ್ರವೇನೋ ಇಲ್ಲಿ ಅನಿಶ್ಚಿತತೆಯೂ ಸೊನ್ನೆ ಎಂದುಬಿಡುತ್ತದೆ. ಶುದ್ಧ ಅಸಂಬದ್ಧ! 1927ರ ವಿಲ್ಸನ್ ವಿಧಾನ ಬಳಸಿದರೆ, ನಿಜವಾದ ಅಪಾಯ ಶೇ. 3.7ರವರೆಗೂ ಇರಬಹುದು (ಶೇ. 95 ವಿಶ್ವಾಸಮಟ್ಟದಲ್ಲಿ). 1934ರ ಕ್ಲಾಪರ್-ಪಿಯರ್ಸನ್ ವಿಧಾನದಲ್ಲಿ ಈ ಮೇಲ್ಮಿತಿ ಶೇ. 3.6. ಇದಕ್ಕೆ ‘ನಿಖರ’ ವಿಧಾನ ಎಂಬ ಬಿರುದಿದ್ದರೂ ಸ್ವಭಾವದಲ್ಲಿ ಅತಿ ಜಾಗರೂಕ. ಇಲ್ಲಿ ಅದರ ಮೇಲ್ಮಿತಿ ತುಸು ಕಡಿಮೆ ಬಂದರೂ, ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಅಗಲವಾದ ವ್ಯಾಪ್ತಿಯನ್ನೇ ಕೊಡುತ್ತದೆ. ಹಾಗಾಗಿ ನನ್ನ ಒಲವು ವಿಲ್ಸನ್ ಕಡೆಗೆ. ಕ್ಯಾಲ್ಕುಲೇಟರ್ ಕೈಲಿಲ್ಲವೇ? 3ನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ. ಇಲ್ಲಿ ಮೇಲ್ಮಿತಿ ಸುಮಾರು ಶೇ. 3 ಬರುತ್ತದೆ. ಆದರೆ ಒಂದು ಪ್ರಕರಣ ಕಂಡರೂ ಈ ಅಡ್ಡದಾರಿ ನಡೆಯದು.