ನೀರಿನ ಭಯ ಗೆದ್ದ ಈಜುಗಾರ್ತಿ

ಚಿಂಚೋಳಿಯ ಸೀಮೆಯಲ್ಲಿ ಮುಲ್ಲಾಮಾರಿ ತುಂಬಿ ಹರಿಯುವಾಗ ತಾಯಂದಿರು ಮಕ್ಕಳನ್ನು ನೀರಿನತ್ತ ಬಿಡರು. ಆದರೆ ಅಂಜಿಕೆಯೊಂದೇ ಮಗುವನ್ನು ಕಾಯದು, ವಿದ್ಯೆಯೂ ಬೇಕು. ಇದಕ್ಕೆ ನಿಶಾ ಮಿಲೆಟ್ ಅವರ ಬಾಳು ನಿದರ್ಶನ.

1982ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುತ್ತಿದ್ದು ಪಾರಾದರು. ಆ ಭಯವನ್ನು ನೀಗಲೆಂದು ತಂದೆಯವರು 1991ರಲ್ಲಿ ಮದರಾಸಿನಲ್ಲಿ ತಾವೇ ಈಜು ಕಲಿಸಿದರು. ಮಗಳ ತರಬೇತಿಗಾಗಿ ಕುಟುಂಬವು ಬೆಂಗಳೂರಿಗೆ ಬಂದಿತು. ಬಸವನಗುಡಿ ಈಜುಕೇಂದ್ರದಲ್ಲಿ ಸಾಧನೆ ಮುಂದುವರಿಯಿತು. 1999ರ ಮಣಿಪುರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನದ ಪದಕಗಳು ಒಲಿದವು. 2000ದ ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯ ಪ್ರಾಥಮಿಕ ಸುತ್ತಿನಲ್ಲಿ ತಮ್ಮ ಗುಂಪಿಗೆ ಮೊದಲಿಗರಾದರೂ ಉಪಾಂತ್ಯ ದಕ್ಕಲಿಲ್ಲ. ಮುಂದೆ ಅವರೇ ಬೆಂಗಳೂರಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಗುರುವಾದರು.

ತಾಯ್ತಂದೆಯರೆ, ಮಕ್ಕಳಿಗೆ ಬಲ್ಲವರ ಕಣ್ಗಾವಲಿನಲ್ಲಿ ಈಜು ಕಲಿಸುವುದೇ ಲೇಸು.